ಗಾಜಿನ ತೊಟ್ಟಿಯ ಕಡಲಮೀನು ಮತ್ತು ಬಿಳಿಚುಕ್ಕೆಯ ಬೇನೆ

ತುಂಗೆಯೂ ಭದ್ರೆಯೂ ಹರಿಯುವ ನಮ್ಮ ಸೀಮೆಯಲ್ಲಿ ಸಿಹಿನೀರಿನ ಮೀನಿಗೆ ಬರವಿಲ್ಲ. ಕಡಲಾದರೋ ಸಹ್ಯಾದ್ರಿಯ ಆಚೆಗಿದೆ. ಆದರೂ ಲೀಟರು ನೀರಿಗೆ ಸುಮಾರು 35 ಗ್ರಾಂನಂತೆ ಕಡಲಿನ ಲವಣಮಿಶ್ರಣವನ್ನು ಕರಗಿಸಿ, ಗಾಜಿನ ತೊಟ್ಟಿಯಲ್ಲಿ ಪುಟ್ಟ ಸಮುದ್ರವೊಂದನ್ನು ನಿರ್ಮಿಸಿಕೊಳ್ಳುವ ಉತ್ಸಾಹಿಗಳು ಇಲ್ಲಿಯೂ ಇದ್ದಾರೆ.

ಭದ್ರಾವತಿಯ ನನ್ನ ವಿದ್ಯಾರ್ಥಿಯೊಬ್ಬನ ತೊಟ್ಟಿಯಲ್ಲಿ ಒಂದು ದಿನ ಮೀನುಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿಯ ಚುಕ್ಕೆಗಳು ಮೂಡಿದವು. ಮೀನುಗಳು ಕಲ್ಲಿಗೆ ಮೈಯುಜ್ಜುತ್ತಿದ್ದವು, ಕಿವಿರುಗಳನ್ನು ಬೇಗಬೇಗನೆ ಬಡಿಯುತ್ತಿದ್ದವು, ಆಹಾರವನ್ನು ಮುಟ್ಟಲಿಲ್ಲ. ನಾಲ್ಕಾರು ದಿನಗಳಲ್ಲಿ ಚುಕ್ಕೆಗಳು ತಾವಾಗಿಯೇ ಮಾಯವಾದವು. ಬೇನೆ ವಾಸಿಯಾಯಿತೆಂದು ಅವನು ಹಿಗ್ಗಿದನು. ಮುಂದಿನ ಎರಡು ವಾರಗಳಲ್ಲಿ ಮೀನುಗಳೆಲ್ಲ ಸತ್ತವು. ಇದು ಹೇಗಾಯಿತು?

ಈ ಬೇನೆಗೆ ಕಾರಣ ಕ್ರಿಪ್ಟೊಕಾರಿಯಾನ್ ಇರಿಟನ್ಸ್ ಎಂಬ ಏಕಕೋಶದ ಪರಾವಲಂಬಿ. ಇದಕ್ಕೆ ಈ ಹೆಸರು ಬಂದುದು 1951ರಲ್ಲಿ. ಇದು ಮೀನಿನ ಚರ್ಮದೊಳಗೆ ಹುದುಗಿ, ಮೂರರಿಂದ ಏಳು ದಿನ ಅದರ ಅಂಗಾಂಶವನ್ನು ತಿಂದು ಕೊಬ್ಬುತ್ತದೆ. ಬಳಿಕ ಕಳಚಿ ತಳಕ್ಕೆ ಬಿದ್ದು, ಸುತ್ತಲೂ ಗಟ್ಟಿಯಾದ ಕೋಶವನ್ನು ಕಟ್ಟಿಕೊಳ್ಳುತ್ತದೆ. ಅದರೊಳಗೆ ಒಂದು ಜೀವಿ ನೂರಾರಾಗಿ ಒಡೆಯುತ್ತದೆ. ಕೆಲವು ದಿನಗಳು ಅಥವಾ ವಾರಗಳು ಕಳೆದ ಮೇಲೆ ಮರಿಗಳು ಹೊರಬಿದ್ದು ಈಜುತ್ತ ಮೀನನ್ನು ಅರಸುತ್ತವೆ. ಒಂದೆರಡು ದಿನಗಳಲ್ಲಿ ಮೀನು ಸಿಕ್ಕದಿದ್ದರೆ ಸಾಯುತ್ತವೆ. ಆದುದರಿಂದ ಚುಕ್ಕೆ ಮಾಯವಾಗುವುದು ಗುಣದ ಲಕ್ಷಣವಲ್ಲ. ಶತ್ರು ಸಂತಾನವೃದ್ಧಿಗೆ ಹೊರಟಿದ್ದಾನೆ ಎಂದೇ ತಿಳಿಯಬೇಕು.

ಚರ್ಮದೊಳಗಿರುವಾಗ ಔಷಧಿಯು ಅದನ್ನು ಮುಟ್ಟಲಾರದು. ಈಜುವ ಮರಿಗಳನ್ನೇ ಕೊಲ್ಲಬೇಕು. ಆದುದರಿಂದಲೇ ಚಿಕಿತ್ಸೆಯನ್ನು ವಾರಗಟ್ಟಲೆ ಮುಂದುವರಿಸಬೇಕಾಗುತ್ತದೆ. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವ ತಾಮ್ರವೇ ಇಲ್ಲಿಯೂ ಮದ್ದು. ಆದರೆ ಪ್ರಮಾಣದ ಅಂತರವನ್ನು ನೋಡಿ: ಶೇಕಡಾ ಒಂದರ ಆ ದ್ರಾವಣದ ಲೀಟರೊಂದರಲ್ಲಿ ಸುಮಾರು 2.5 ಗ್ರಾಂ ತಾಮ್ರವಿದ್ದರೆ, ಮೀನಿಗೆ ಬೇಕಾದುದು 0.15ರಿಂದ 0.20 ಮಿಲಿಗ್ರಾಂ ಮಾತ್ರ. ಎಂದರೆ 12,000 ಪಟ್ಟಿಗೂ ಮಿಕ್ಕಿ ತೆಳು. ಹೆಚ್ಚಾದರೆ ಮೀನೇ ಸಾಯುವುದು. ಪ್ರತಿದಿನವೂ ಅಳೆಯದೆ ಹಾಕಬಾರದು.

ಇನ್ನೊಂದು ಮಾರ್ಗ ಭೌತವಿಜ್ಞಾನದ್ದು. ಕಡಲಮೀನಿನ ರಕ್ತದಲ್ಲಿ ಲವಣವು ಸಮುದ್ರದ ನೀರಿನ ಮೂರನೆಯ ಒಂದು ಪಾಲಿನಷ್ಟಿದೆ. ಅಭಿಸರಣದಿಂದ ಅದರ ಮೈಯ ನೀರು ಸದಾ ಹೊರಹೋಗುತ್ತದೆ. ಮೀನು ಕಡಲನ್ನೇ ಕುಡಿದು ಆ ನಷ್ಟವನ್ನು ತುಂಬಿಕೊಳ್ಳುತ್ತದೆ. ತೊಟ್ಟಿಯ ಲವಣವನ್ನು ಎರಡು ಮೂರು ದಿನಗಳಲ್ಲಿ ಮೆಲ್ಲಗೆ ಲೀಟರಿಗೆ 16 ಗ್ರಾಂಗೆ ಇಳಿಸಿದರೆ ಮೀನಿನ ಹೊರೆ ಹಗುರವಾಗುತ್ತದೆ. ಪರಾವಲಂಬಿಯ ಕೋಶದೊಳಕ್ಕಾದರೋ ನೀರು ನುಗ್ಗಿ, ಅದು ಉಬ್ಬಿ ಒಡೆಯುತ್ತದೆ. ದ್ರವಮಾಪಕದಿಂದ ನೀರಿನ ಸಾಂದ್ರತೆಯನ್ನು ಪರೀಕ್ಷಿಸುತ್ತ ಮೂರು ನಾಲ್ಕು ವಾರ ಹೀಗೆಯೇ ಇಡಬೇಕು. ಇದರೊಡನೆ ತಾಮ್ರವನ್ನು ಬೆರೆಸಬಾರದು. ನಮ್ಮ ಮನೆಗಳ ಗಪ್ಪಿ, ಚಿನ್ನದ ಮೀನುಗಳಿಗೂ ಬಿಳಿಚುಕ್ಕೆ ಬರುವುದುಂಟು; ಅದನ್ನುಂಟುಮಾಡುವ ಜೀವಿ ಬೇರೆ. ಅಲ್ಲಿ ಉಪ್ಪು ಸೇರಿಸುವುದು ಚಿಕಿತ್ಸೆ. ಇಲ್ಲಿ ಉಪ್ಪು ಇಳಿಸುವುದು.

ಹವಳ, ಸೀಗಡಿಗಳು ಈ ಎರಡು ವಿಧಾನಗಳನ್ನೂ ತಾಳಲಾರವು. ಆದುದರಿಂದ ಮೀನುಗಳನ್ನು ಬೇರೆ ತೊಟ್ಟಿಗೆ ಒಯ್ದು ಚಿಕಿತ್ಸೆ ನಡೆಸಿ, ಮೂಲ ತೊಟ್ಟಿಯನ್ನು ಆರರಿಂದ ಹತ್ತು ವಾರ ಮೀನಿಲ್ಲದೆ ಬಿಡಬೇಕು. ಆಹಾರವಿಲ್ಲದೆ ಶತ್ರುವಿನ ವಂಶ ತಾನಾಗಿ ಅಳಿಯುವುದು.

ಎಲ್ಲಕ್ಕೂ ಮಿಗಿಲಾದುದು ಮುನ್ನೆಚ್ಚರಿಕೆ. ಹೊಸ ಮೀನನ್ನು ನಾಲ್ಕು ವಾರ ಪ್ರತ್ಯೇಕವಾಗಿಟ್ಟು ನೋಡಿದ ಮೇಲೆಯೇ ಹಳೆಯವುಗಳೊಡನೆ ಬಿಡಬೇಕು. ನನ್ನ ವಿದ್ಯಾರ್ಥಿ ಈಗ ಹಾಗೆಯೇ ಮಾಡುತ್ತಿದ್ದಾನೆ. ಕಣ್ಣಿಗೆ ಕಾಣದುದು ಇಲ್ಲವೆಂದು ನಂಬುವುದು ವಿಜ್ಞಾನದ ವಿದ್ಯಾರ್ಥಿಗೆ ತಕ್ಕುದಲ್ಲವೆಂಬ ಪಾಠವನ್ನು ಅವನು ಕಲಿತದ್ದು ನನ್ನಿಂದಲ್ಲ, ಆ ತೊಟ್ಟಿಯಿಂದ.