ಕುಂಡದ ಗಿಡದ ಎಲೆ ಏಕೆ ಹಳದಿಯಾಗುತ್ತದೆ?

ಮನೆಯೊಳಗೆ ಕುಂಡದಲ್ಲಿ ಬೆಳೆಸಿದ ಗಿಡದ ಎಲೆಯೊಂದು ಹಳದಿಯಾದೊಡನೆ ಮನೆಮಂದಿಯೆಲ್ಲರೂ ವೈದ್ಯರಾಗಿಬಿಡುತ್ತಾರೆ. ನೀರು ಸಾಲದೆಂದು ಒಬ್ಬರು, ಗೊಬ್ಬರ ಸಾಲದೆಂದು ಇನ್ನೊಬ್ಬರು, ದೃಷ್ಟಿ ತಗುಲಿತೆಂದು ಮತ್ತೊಬ್ಬರು ಹೇಳುವುದುಂಟು. ನಾವೂ ಇಂತಹ ವೈದ್ಯವನ್ನು ಮಾಡಿದವರೇ. ಊರಿನಿಂದ ತಂದು, ಬೆಂಗಳೂರಿನ ನಮ್ಮ ಅಡಿಗೆಮನೆಯ ಕಿಟಕಿಯ ಬಳಿ ಇಟ್ಟಿದ್ದ ಕರಿಬೇವಿನ ಗಿಡವೊಂದು ಹಳದಿಗೆ ತಿರುಗಿತು. ನೀರೆರೆದೆವು, ಇನ್ನಷ್ಟು ಹಳದಿಯಾಯಿತು. ಗೊಬ್ಬರವಿಟ್ಟೆವು; ಎಲೆಯ ತುದಿಗಳು ಸುಟ್ಟುವು. ಎರಡನ್ನೂ ಹೆಚ್ಚಿಸಿದೆವು, ಗಿಡ ಸತ್ತಿತು. ಅದರ ಎಲೆಗಳು ಮೊದಲ ದಿನದಿಂದಲೂ ತಮ್ಮ ತೊಂದರೆಯನ್ನು ಸ್ಪಷ್ಟವಾಗಿಯೇ ತಿಳಿಸುತ್ತಿದ್ದುವು. ಓದಲು ಬಾರದವರು ನಾವು.

ಹಳದಿ ಬಣ್ಣವೆಂಬುದು ಮನುಷ್ಯನ ಜ್ವರವಿದ್ದಂತೆ. ಅದು ರೋಗವಲ್ಲ, ಹಲವು ರೋಗಗಳ ಸಾಮಾನ್ಯ ಲಕ್ಷಣ. ಎಲೆಗೆ ಹಸುರು ಬಣ್ಣವನ್ನು ಕೊಡುವ ಪತ್ರಹರಿತ್ತು ಕಾರಣಾಂತರದಿಂದ ನಾಶವಾದರೂ ಹಳದಿ ಕಾಣುತ್ತದೆ. ಅದು ಹುಟ್ಟದೆಯೇ ಹೋದರೂ ಹಳದಿ ಕಾಣುತ್ತದೆ. ಆದುದರಿಂದ ‘ಯಾವ ಬಣ್ಣ?’ ಎಂಬುದಕ್ಕಿಂತ ಮೊದಲು ‘ಯಾವ ಎಲೆ?’ ಎಂದು ಕೇಳಬೇಕು. ಗಿಡದ ಬುಡದ ಹಳೆಯ ಎಲೆಯೇ, ತುದಿಯ ಎಳೆಯ ಎಲೆಯೇ? ಈ ಒಂದು ಪ್ರಶ್ನೆಯಿಂದಲೇ ಅರ್ಧ ರೋಗನಿರ್ಣಯವಾಗುತ್ತದೆ.

ಇದಕ್ಕೆ ಕಾರಣವುಂಟು. ಗಿಡವು ಮಣ್ಣಿನಿಂದ ಹೀರುವ ಧಾತುಗಳಲ್ಲಿ ಎರಡು ಪಂಗಡಗಳಿವೆ. ಸಾರಜನಕ, ರಂಜಕ, ಪೊಟಾಸಿಯಂ ಮತ್ತು ಮೆಗ್ನೀಸಿಯಂ ಗಿಡದೊಳಗೆ ಸುಲಭವಾಗಿ ಸಂಚರಿಸಬಲ್ಲುವು. ಇವುಗಳಿಗೆ ಅಭಾವ ಬಂದಾಗ, ಬರಗಾಲದಲ್ಲಿ ಹಿರಿಯರು ತಮ್ಮ ತುತ್ತನ್ನು ಮಕ್ಕಳಿಗೆ ಬಿಟ್ಟುಕೊಡುವಂತೆ, ಹಳೆಯ ಎಲೆಗಳು ತಮ್ಮಲ್ಲಿರುವುದನ್ನು ಚಿಗುರಿಗೆ ಸಾಗಿಸಿ ತಾವು ಹಳದಿಯಾಗುತ್ತವೆ. ಕ್ಯಾಲ್ಸಿಯಂ, ಕಬ್ಬಿಣಗಳಾದರೋ ಗೋಡೆಗೆ ಕಟ್ಟಿದ ಕಲ್ಲಿನಂತೆ. ಒಮ್ಮೆ ಎಲೆಯಲ್ಲಿ ಸೇರಿದ ಮೇಲೆ ಅಲ್ಲಿಂದ ಕದಲುವುದು ಕಷ್ಟ. ಇವುಗಳ ಕೊರತೆಯಾದರೆ ಹಳೆಯ ಎಲೆ ಹಸುರಾಗಿಯೇ ಇರುತ್ತದೆ, ಚಿಗುರು ನರಳುತ್ತದೆ.

ಹೀಗೆ ಎಲೆಯ ಸ್ಥಾನವನ್ನು ಗೊತ್ತುಮಾಡಿಕೊಂಡ ಬಳಿಕ ಬಣ್ಣದ ವಿನ್ಯಾಸವನ್ನು ಗಮನಿಸಬೇಕು. ಬುಡದ ಎಲೆ ನರಗಳೂ ಸೇರಿದಂತೆ ಇಡಿಯಾಗಿ ಮಂಕಾಗಿ ಹಳದಿಯಾದರೆ ಸಾರಜನಕದ ಕೊರತೆಯನ್ನು ಶಂಕಿಸಬಹುದು. ಬುಡದ ಎಲೆಯಲ್ಲಿ ನರಗಳು ಹಸುರಾಗಿ ಉಳಿದು ಅವುಗಳ ನಡುವಣ ಭಾಗ ಮಾತ್ರ ಹಳದಿಯಾದರೆ ಅದು ಮೆಗ್ನೀಸಿಯಂ ಕೊರತೆಯ ಲಕ್ಷಣ. ಪತ್ರಹರಿತ್ತಿನ ಒಂದೊಂದು ಅಣುವಿನ ನಡುವೆಯೂ ಒಂದು ಮೆಗ್ನೀಸಿಯಂ ಪರಮಾಣು ಇರುವುದೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಹಳೆಯ ಎಲೆಯ ಅಂಚು ಸುಟ್ಟಂತೆ ಕಂದಾದರೆ ಪೊಟಾಸಿಯಂ ಸಾಲದು. ಗಿಡ ಕುಳ್ಳಾಗಿ, ಎಲೆ ಕಡುಹಸುರಾಗಿ ನೇರಿಳೆಯ ಛಾಯೆ ತಾಳಿದರೆ ರಂಜಕ ಸಾಲದು. ಚಿಗುರೆಲೆ ಸೊಟ್ಟಗಾಗಿ ಅದರ ತುದಿ ಸಾಯುತ್ತಿದ್ದರೆ ಕ್ಯಾಲ್ಸಿಯಂ ಕೊರತೆಯನ್ನು ಊಹಿಸಬೇಕು. ಚಿಗುರೆಲೆಯಲ್ಲಿ ಹಸುರು ನರಗಳ ಬಲೆ ಎದ್ದು ಕಂಡು ಉಳಿದುದೆಲ್ಲ ಹಳದಿಯಾದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ.

ಈ ಕಡೆಯ ರೋಗಕ್ಕೆ ಒಂದು ಇತಿಹಾಸವಿದೆ. ೧೮೪೦ರ ದಶಕದಲ್ಲಿ ಫ್ರಾನ್ಸಿನ ಯೂಸೆಬ್ ಗ್ರಿ ಎಂಬಾತನು ಹಳದಿಯಾದ ಎಲೆಗಳಿಗೆ ಕಬ್ಬಿಣದ ಲವಣದ ದ್ರಾವಣವನ್ನು ಸವರಿ ಅವು ಮತ್ತೆ ಹಸುರಾಗುವುದನ್ನು ತೋರಿಸಿದನು. ಪತ್ರಹರಿತ್ತಿನ ಅಣುವಿನಲ್ಲಿ ಕಬ್ಬಿಣವಿಲ್ಲ; ಆದರೆ ಕಬ್ಬಿಣವಿಲ್ಲದೆ ಆ ಅಣು ರಚನೆಯಾಗದು. ೧೮೬೦ರಲ್ಲಿ ಜರ್ಮನಿಯ ಜೂಲಿಯಸ್ ಸಾಕ್ಸ್ ಮಣ್ಣೇ ಇಲ್ಲದೆ, ಲವಣಗಳನ್ನು ಕರಗಿಸಿದ ನೀರಿನಲ್ಲಿ ಗಿಡಗಳನ್ನು ಬೆಳೆಸುವ ಕ್ರಮವನ್ನು ಪ್ರಕಟಿಸಿದನು. ಒಂದೊಂದೇ ಧಾತುವನ್ನು ಬಿಟ್ಟು ನೋಡಿ ಅದರ ಕೊರತೆಯ ಲಕ್ಷಣವನ್ನು ಗುರುತಿಸಲು ಈ ಕ್ರಮದಿಂದ ಸಾಧ್ಯವಾಯಿತು.

ನಮ್ಮ ಕೆಮ್ಮಣ್ಣಿನಲ್ಲಿ ಕಬ್ಬಿಣಕ್ಕೇನು ಬರಗಾಲವೆ? ಇಲ್ಲ, ಆ ಕೆಂಪು ಬಣ್ಣವೇ ಕಬ್ಬಿಣದ್ದು. ಇರುವುದು ಬೇರೆ, ದೊರೆಯುವುದು ಬೇರೆ. ಬೇರು ಹೀರಬೇಕಾದರೆ ಕಬ್ಬಿಣವು ನೀರಿನಲ್ಲಿ ಕರಗಿರಬೇಕು. ಆಮ್ಲ-ಕ್ಷಾರಗಳ ಪ್ರಮಾಣವನ್ನು ಪಿ.ಎಚ್. ಎಂಬ ಅಂಕಿಯಿಂದ ಸೂಚಿಸುವರಷ್ಟೆ. ೭ ತಟಸ್ಥ, ಅದಕ್ಕಿಂತ ಹೆಚ್ಚಿನದು ಕ್ಷಾರ. ಈ ಅಂಕಿ ಒಂದು ಏರಿದರೆ ಫೆರಿಕ್ ಕಬ್ಬಿಣದ ಕರಗುವಿಕೆ ಸುಮಾರು ೧,೦೦೦ ಪಟ್ಟು ಇಳಿಯುತ್ತದೆ. ಕೊಳವೆಬಾವಿಯ ಗಡುಸು ನೀರನ್ನು ತಿಂಗಳುಗಟ್ಟಲೆ ಹೊಯ್ದ ಕುಂಡದಲ್ಲಿ ಮಣ್ಣು ಕ್ಷಾರದತ್ತ ಸಾಗಿ, ಕಬ್ಬಿಣವು ಬೇರಿನ ಪಕ್ಕದಲ್ಲಿಯೇ ಇದ್ದೂ ಇಲ್ಲದಂತಾಗುತ್ತದೆ. ಬೂದಿಯನ್ನೋ ಮೊಟ್ಟೆಯ ಚಿಪ್ಪನ್ನೋ ಹಾಕಿದರೆ ತೊಂದರೆ ಹೆಚ್ಚುವುದೇ ಹೊರತು ಇಳಿಯದು.

ಬೇರಿನ ಉಸಿರಾಟವೂ ಇಷ್ಟೇ ಮುಖ್ಯ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ೧೦,೦೦೦ ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಸದಾ ನೀರು ನಿಂತ ಮಣ್ಣಿನಲ್ಲಿ ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಕೊಳೆತ ಬೇರು ನೀರನ್ನು ಹೀರಲಾರದು, ಎಲೆ ಬಾಡುತ್ತದೆ. ಬಾಡಿದ ಎಲೆಯನ್ನು ಕಂಡು ನಾವು ಇನ್ನಷ್ಟು ನೀರೆರೆಯುತ್ತೇವೆ! ಬೆರಳನ್ನು ಎರಡು ಅಂಗುಲ ಮಣ್ಣಿಗೆ ಊರಿ ನೋಡಿದರೆ ಈ ಅನರ್ಥ ತಪ್ಪುತ್ತದೆ. ಇನ್ನು ಗೊಬ್ಬರ ಅತಿಯಾದರೆ ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಿ, ಬೇರಿಗೆ ನೀರನ್ನು ಎಳೆದುಕೊಳ್ಳುವುದೇ ಕಷ್ಟವಾಗುತ್ತದೆ. ಎಲೆಯ ತುದಿ ಸುಡುವುದೂ, ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟುವುದೂ ಇದರ ಕುರುಹುಗಳು.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣೇ ನಮ್ಮನ್ನು ವಂಚಿಸುತ್ತದೆ. ಮಧ್ಯಾಹ್ನದ ಬಿಸಿಲಿನ ಪ್ರಮಾಣ ಸುಮಾರು ೧,೦೦,೦೦೦ ಲಕ್ಸ್. ಕೋಣೆಯ ಒಳಭಾಗದಲ್ಲಿ ಅದು ಕೆಲವು ನೂರಕ್ಕೆ ಇಳಿದಿರುವುದು ಸಾಮಾನ್ಯ. ಪಾಪೆ ಹಿಗ್ಗಿ ಕಣ್ಣು ಹೊಂದಿಕೊಳ್ಳುವುದರಿಂದ ನಮಗೆ ಎರಡೂ ಕಡೆ ಬೆಳಕಿದ್ದಂತೆಯೇ ತೋರುತ್ತದೆ. ಗಿಡಕ್ಕೆ ಅಂತಹ ಉಪಾಯವಿಲ್ಲ. ಕಾಂಡ ಸಣಕಲಾಗಿ ಉದ್ದಕ್ಕೆ ಬೆಳೆದು ಕಿಟಕಿಯತ್ತ ವಾಲಿದ್ದರೆ ಅದು ಬೇಡುತ್ತಿರುವುದು ಬೆಳಕನ್ನು, ಗೊಬ್ಬರವನ್ನಲ್ಲ. ಎಲೆಯ ಮೇಲೆ ಸೂಜಿಮೊನೆಯಂತಹ ಹಳದಿ ಚುಕ್ಕೆಗಳಿದ್ದರೆ ಬಿಳಿಯ ಕಾಗದದ ಮೇಲೆ ಅದನ್ನು ಕೊಡವಿ ನೋಡಬೇಕು. ಉದುರಿದ ಧೂಳು ನಡೆಯತೊಡಗಿದರೆ ಅದು ಧೂಳಲ್ಲ, ನುಸಿ.

ಚಿಕಿತ್ಸೆಯಲ್ಲಿ ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ಸಲ್ಲುತ್ತದೆ: ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಮಣ್ಣಿನ ತೇವ, ಬಳಿಕ ಬೆಳಕು, ಅನಂತರ ಎಲೆಯ ಅಡಿಭಾಗ, ಕಟ್ಟಕಡೆಗೆ ಗೊಬ್ಬರ. ಬುಡದ ಒಂದೆರಡು ಎಲೆಗಳು ವಯಸ್ಸಾಗಿ ಉದುರುವುದು ಸಹಜವೆಂಬುದನ್ನೂ ಮರೆಯಬಾರದು. ಪೂರ್ತಿ ಹಳದಿಯಾದ ಹಳೆಯ ಎಲೆ ಮತ್ತೆ ಹಸುರಾಗುವುದು ಅಪರೂಪ. ಚಿಕಿತ್ಸೆ ಫಲಿಸಿತೇ ಎಂಬುದನ್ನು ಮುಂದೆ ಬರುವ ಚಿಗುರೇ ಹೇಳಬೇಕು.

ನಮ್ಮ ಎರಡನೆಯ ಕರಿಬೇವಿನ ಗಿಡವೂ ಹಳದಿಯಾಯಿತು. ಈ ಸಲ ನಾವು ನೀರಿನ ತಂಬಿಗೆಯನ್ನು ಕೆಳಗಿಟ್ಟು ಎಲೆಯನ್ನು ನೋಡಿದೆವು. ಹಳದಿಯಿದ್ದುದು ಚಿಗುರಿನಲ್ಲಿ, ನರಗಳು ಹಸುರಾಗಿದ್ದುವು. ಕೊಳವೆಬಾವಿಯ ನೀರನ್ನು ನಿಲ್ಲಿಸಿ ಮಳೆಯ ನೀರನ್ನು ಹಿಡಿದು ಹೊಯ್ದೆವು. ಹೊಸ ಚಿಗುರು ಅಷ್ಟು ಹಳದಿಯಾಗಿರಲಿಲ್ಲ. ಅನಂತರ, ಕ್ಷಾರದಲ್ಲಿಯೂ ಕರಗಿಯೇ ಇರುವಂತೆ ಮಾಡಿದ ಚೀಲೇಟ್ ಕಬ್ಬಿಣವನ್ನು ಸ್ವಲ್ಪ ಕೊಟ್ಟೆವು. ಅದರ ಮುಂದಿನ ಚಿಗುರು ಹಸುರಾಗಿಯೇ ಹೊರಟಿತು. ಈಗ ಒಗ್ಗರಣೆಗೆ ಎಲೆ ಕೀಳುವ ಮುನ್ನ ಅದನ್ನು ಒಂದು ಕ್ಷಣ ಓದುವುದು ನಮ್ಮ ಮನೆಯ ರೂಢಿಯಾಗಿದೆ.