ಮಾರುವ ಮನೆಯೂ ಗೋಡೆಯ ನೀರೂ

ಮನೆಯನ್ನು ಮಾರಬೇಕೆಂದು ನಿಶ್ಚಯಿಸಿದವರು ಮೊದಲು ಮಾಡುವ ಕೆಲಸ ಯಾವುದು? ಬಹುಮಂದಿ ಬಣ್ಣದ ಡಬ್ಬಿಯನ್ನು ತರುತ್ತಾರೆ. ಉಡುಪಿಯ ಒಂದು ಹಳೆಯ ಹಂಚಿನ ಮನೆಯನ್ನು ಊಹಿಸಿಕೊಳ್ಳೋಣ. ಮಕ್ಕಳು ಪರಊರು ಸೇರಿದ್ದಾರೆ. ವೃದ್ಧ ದಂಪತಿಗಳಿಗೆ ಮನೆಯನ್ನು ಮಾರದೆ ಗತ್ಯಂತರವಿಲ್ಲ. ದೀಪಾವಳಿಯ ತರುವಾಯ ಗೋಡೆಗಳಿಗೆ ಬಣ್ಣ ಬಳಿದರು. ಮನೆ ಹೊಸದಾಗಿ ಹೊಳೆಯಿತು. ಕೊಂಡವನು ತನ್ನ ಜೀವಮಾನದ ಉಳಿತಾಯವನ್ನೆಲ್ಲ ಅದಕ್ಕೆ ಸುರಿದನು. ಜೂನ್ ತಿಂಗಳು ಬಂದಿತು. ಚಾವಡಿಯ ಗೋಡೆಯ ಬುಡದಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿ ಉದುರತೊಡಗಿತು! ಮಾರಿದವರಿಗೆ ಅಪವಾದ, ಕೊಂಡವನಿಗೆ ನಷ್ಟ. ಹೀಗಾಗಲು ಕಾರಣವೇನೆಂಬುದನ್ನು ನಾವೀಗ ವಿಚಾರಿಸೋಣ.

ಉಡುಪಿಯ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಈ ನೀರು ಹರಿದುಹೋಗದೆ ನಿಂತರೆ ಅದರ ಆಳ ಎರಡು ಆಳೆತ್ತವನ್ನು ಮೀರೀತು! ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಇಲ್ಲಿಯ ಹಳೆಯ ಮನೆಗಳ ಗೋಡೆಯಾದರೋ ಮುರಕಲ್ಲಿನದು. ಈ ಕಲ್ಲನ್ನು ನೆಲದಿಂದ ಕಡಿಯುವಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವಿದ್ವಾಂಸನು ಮಲಬಾರಿನ ಇಂಥ ಕಲ್ಲನ್ನು ವರ್ಣಿಸಿ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟನು.

ಮುರಕಲ್ಲಿನ ಮೈತುಂಬ ರಂಧ್ರಗಳು. ಕಣ್ಣಿಗೆ ಕಾಣುವ ರಂಧ್ರಗಳಿಗಿಂತ ಕಾಣದ ಸೂಕ್ಷ್ಮ ರಂಧ್ರಗಳದೇ ಇಲ್ಲಿ ಮುಖ್ಯ ಪಾತ್ರ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವುದನ್ನು ನಾವು ದಿನವೂ ನೋಡುತ್ತೇವೆ. ಅದೇ ಬಗೆಯಲ್ಲಿ ನೆಲದ ನೀರು ಗೋಡೆಯನ್ನೇರುತ್ತದೆ. ಒಂದು ಮಿಲಿಮೀಟರ್ ವ್ಯಾಸದ ಗಾಜಿನ ನಳಿಗೆಯಲ್ಲಿ ನೀರು ಸುಮಾರು ಮೂರು ಸೆಂಟಿಮೀಟರ್ ಏರುತ್ತದೆ. ನಳಿಗೆ ಹತ್ತು ಪಟ್ಟು ಕಿರಿದಾದರೆ ಏರಿಕೆ ಹತ್ತು ಪಟ್ಟು ಹೆಚ್ಚುತ್ತದೆ. ಗೋಡೆಯ ಬುಡದಲ್ಲಿ ತೇವದ ಪಟ್ಟೆ ಕಾಣಿಸುವುದರ ಗುಟ್ಟು ಇದೇ.

ಹೀಗೆ ಏರಿದ ನೀರು ಗೋಡೆಯ ಮೈಯಿಂದ ಆವಿಯಾಗಿ ಹೊರಟುಹೋಗಬೇಕು. ನಮ್ಮ ಹಿರಿಯರು ಬಳಿಯುತ್ತಿದ್ದ ಸುಣ್ಣ ಇದಕ್ಕೆ ಅಡ್ಡಿಯಾಗುತ್ತಿರಲಿಲ್ಲ. ಚಿಪ್ಪನ್ನು ಸುಟ್ಟು, ನೀರಿನಲ್ಲಿ ಅರಳಿಸಿ ಬಳಿದ ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಆದರೆ ಆವಿ ಹೋಗುವ ದಾರಿಯನ್ನು ಮುಚ್ಚುವುದಿಲ್ಲ. ಬಿಗಿಯಾದ ಪೊರೆ ಕಟ್ಟುವ ಬಣ್ಣಗಳು ಹಾಗಲ್ಲ. ಪೊರೆಯ ಹಿಂದೆ ಸಿಕ್ಕಿಬಿದ್ದ ನೀರು ಅದನ್ನು ಗೋಡೆಯಿಂದ ಎಬ್ಬಿಸುತ್ತದೆ. ನಮ್ಮ ವೃದ್ಧ ದಂಪತಿಗಳ ಚಾವಡಿಯಲ್ಲಿ ನಡೆದುದು ಇದೇ.

ಊರಿಂದೂರಿಗೆ ಗೋಡೆಯ ರೋಗ ಬೇರೆ. ಉಡುಪಿಯ ದಕ್ಷಿಣಕ್ಕೆ, 1901ರ ದೀಪಸ್ತಂಭ ನಿಂತಿರುವ ಕಾಪುವಿನ ಕಡಲಂಚಿಗೆ ಹೋದರೆ ಅಲ್ಲಿ ನೀರಿನೊಡನೆ ಉಪ್ಪೂ ಸೇರುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದೇಕೆ? ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75ನ್ನು ಮೀರಿದೊಡನೆ ಉಪ್ಪು ಗಾಳಿಯಿಂದಲೇ ನೀರನ್ನು ಸೆಳೆದು ಕರಗತೊಡಗುತ್ತದೆ. ಗೋಡೆಯೊಳಗಿನ ಉಪ್ಪೂ ಹಾಗೆಯೇ. ಅದು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಮುಟ್ಟಿತೆಂದರೆ ತುಕ್ಕು ಹುಟ್ಟುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಸ್ಥಳ ಬೇಕು. ಆದುದರಿಂದ ಕಾಂಕ್ರೀಟು ಸೀಳುತ್ತದೆ. ಸೀಳಿನ ಮೇಲೆ ಸಿಮೆಂಟು ಮೆತ್ತಿದರೆ ರೋಗ ಮುಚ್ಚಿಹೋಗುವುದೇ ಹೊರತು ವಾಸಿಯಾಗುವುದಿಲ್ಲ.

ಘಟ್ಟದ ಬುಡದ ಕಾರ್ಕಳದಲ್ಲಿ ಕರಾವಳಿಗಿಂತಲೂ ಮಳೆ ಹೆಚ್ಚು. ಆದರೆ ಅಲ್ಲಿಯ ಗೊಮ್ಮಟನನ್ನು ನೋಡಿರಿ: 1432ರಿಂದ ಬಯಲಿನಲ್ಲಿ ನಿಂತು ಮಳೆಯನ್ನು ತಡೆದುಕೊಂಡಿದ್ದಾನೆ. ಆತನು ಕರಿಗಲ್ಲಿನವನು, ಆ ಕಲ್ಲಿನಲ್ಲಿ ರಂಧ್ರಗಳು ಬಹು ವಿರಳ. ಆದರೆ ಪಂಚಾಂಗಕ್ಕೆ ಕರಿಗಲ್ಲು ಹಾಕಿದರೂ ನಡುವಣ ಗಾರೆಯ ಮೂಲಕ ನೀರು ಏರಬಲ್ಲದೆಂಬುದನ್ನು ಮರೆಯಬಾರದು.

ಇನ್ನು ಮಣಿಪಾಲದ ಬಹುಮಹಡಿ ಕಟ್ಟಡಗಳಲ್ಲಿ, ಒಡೆಯರು ಪರದೇಶದಲ್ಲಿದ್ದು ಮಳೆಗಾಲವೆಲ್ಲ ಬೀಗ ಹಾಕಿಟ್ಟ ಮನೆಗಳ ಮಾತು. ಅಲ್ಲಿ ನೆಲದ ನೀರಿನ ಭಯವಿಲ್ಲ. ಗಾಳಿಯ ತೇವವೇ ಸಾಕು. ನಿಂತ ಗಾಳಿಯಲ್ಲಿ ಬೂಷ್ಟು ಕಪಾಟು, ಬಟ್ಟೆ, ಪುಸ್ತಕಗಳನ್ನೆಲ್ಲ ಆವರಿಸಿ ಮುಗ್ಗಲು ವಾಸನೆ ಹುಟ್ಟಿಸುತ್ತದೆ. ಒಂದು ಸ್ವಾರಸ್ಯವೆಂದರೆ, ಮನೆಯಲ್ಲೇ ವಾಸಿಸುವವರಿಗೆ ಈ ವಾಸನೆ ತಿಳಿಯುವುದೇ ಇಲ್ಲ! ಎಡೆಬಿಡದೆ ಬರುವ ವಾಸನೆಗೆ ಮೂಗು ಬೇಗನೆ ಒಗ್ಗಿಬಿಡುತ್ತದೆ. ಆದುದರಿಂದ ಮಾರುವವರು ತಮ್ಮ ಮೂಗನ್ನು ನಂಬದೆ ನೆರೆಯವರನ್ನು ಕರೆದು ಕೇಳುವುದು ಲೇಸು.

ತೇವ ಗೋಡೆಯದೋ ಗಾಳಿಯದೋ ಎಂಬುದನ್ನು ವಿದ್ಯಾರ್ಥಿಗಳೇ ಪರೀಕ್ಷಿಸಬಹುದು. ಅಂಗೈಯಗಲದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಬಿಗಿಯಾಗಿ ಮುಚ್ಚಿರಿ. ಒಂದೆರಡು ದಿನಗಳ ಮೇಲೆ ನೋಡಿರಿ. ಹನಿಗಳು ಹಾಳೆಯ ಒಳಮೈಯಲ್ಲಿದ್ದರೆ ನೀರು ಗೋಡೆಯಿಂದ ಬಂದುದು. ಹೊರಮೈಯಲ್ಲಿದ್ದರೆ ಕೋಣೆಯ ಗಾಳಿಯಿಂದ ಬಂದುದು. ಎರಡನೆಯದಕ್ಕೆ ಎದುರುಬದುರು ಕಿಟಕಿಗಳನ್ನು ತೆರೆದು ಗಾಳಿಯಾಡಿಸುವುದೇ ಮೊದಲ ಮದ್ದು.

ಮೊದಲನೆಯದಕ್ಕೆ ಕೆಲಸ ಹೊರಗಿನಿಂದ ಆರಂಭವಾಗಬೇಕು. ಒಡೆದ ಹಂಚು, ಕುಂಬಾದ ಪಕ್ಕಾಸುಗಳನ್ನು ಬದಲಿಸಬೇಕು. ಸೂರಿನ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಅಂಗಳಕ್ಕೆ ಇಳಿಜಾರು ಕೊಡಬೇಕು. ಗೋಡೆಯ ಮೇಲೆದ್ದ ಬಿಳಿಯ ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ನೀರಿನಿಂದ ತೊಳೆದರೆ ಅದು ಕರಗಿ ಮತ್ತೆ ಒಳಹೋಗುತ್ತದೆ. ಬೇಸಗೆಯ ಗಾಳಿಗೆ ಗೋಡೆ ಚೆನ್ನಾಗಿ ಒಣಗಿದ ಮೇಲೆಯೇ ಸುಣ್ಣ ಅಥವಾ ಬಣ್ಣ. ಕಡೆಗೆ ಬೇಡದ ಸಾಮಾನುಗಳನ್ನು ಸಾಗಿಸಿ ಕಿಟಕಿಗಳನ್ನು ತೆರೆಯಿರಿ. ಬಿಳಿಯ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಹೆಚ್ಚಿನ ಪಾಲನ್ನು ಹಿಂದಿರುಗಿಸುವುದರಿಂದ ಅದೇ ಕೋಣೆ ವಿಶಾಲವಾಗಿ ತೋರುತ್ತದೆ. ಈ ಅಲಂಕಾರದಲ್ಲಿ ವಂಚನೆಯಿಲ್ಲ. ಇದ್ದುದನ್ನು ಚೆನ್ನಾಗಿ ಕಾಣಿಸುವುದಷ್ಟೆ.

ಇದ್ದುದನ್ನು ಮರೆಸುವುದು ಮಾತ್ರ ಬೇರೆ ಮಾತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣದಂತೆ, ಕೊಳ್ಳುವವನು ಸಾಧಾರಣ ಎಚ್ಚರದಿಂದ ನೋಡಿದರೂ ಕಾಣಲಾರದ, ಆದರೆ ಮಾರುವವನಿಗೆ ತಿಳಿದಿರುವ ಮುಖ್ಯ ದೋಷವನ್ನು ಮಾರುವವನೇ ಹೇಳಬೇಕು. ನಮ್ಮ ವೃದ್ಧ ದಂಪತಿಗಳು ಬಣ್ಣಕ್ಕೆ ಮುನ್ನ ಅಂಗಳದ ನೀರಿಗೆ ದಾರಿಮಾಡಿದ್ದರೆ, ಉಳಿದ ತೇವದ ಸಂಗತಿಯನ್ನು ಬಾಯಿಬಿಟ್ಟು ಹೇಳಿದ್ದರೆ, ಬೆಲೆ ಒಂದಿಷ್ಟು ಇಳಿಯುತ್ತಿತ್ತೇನೋ. ಬಾಳಿನುದ್ದಕ್ಕೂ ಗಳಿಸಿದ ಹೆಸರು ಉಳಿಯುತ್ತಿತ್ತು. ಮಾರುವವರು ಹೇಳದೆ ಬಿಟ್ಟರೂ ಗೋಡೆ ಸುಮ್ಮನಿರುವುದಿಲ್ಲ. ಮೊದಲ ಮಳೆಗೆ ಅದು ತಾನಾಗಿಯೇ ಹೇಳಿಬಿಡುತ್ತದೆ.