ಗಿಡಗಳ ಮೇಲಣ ಬಿಳುಪು: ಗುರುತಿಸುವ ಕ್ರಮ ಮತ್ತು ಪರಿಹಾರ

ಪುತ್ತೂರು, ಸುಳ್ಯ ಮತ್ತು ಕಡಬ ಸೀಮೆಯ ಅಡಿಕೆ ತೋಟಗಳ ಅಂಚಿನಲ್ಲಿಯೂ ಮನೆಯಂಗಳಗಳಲ್ಲಿಯೂ ಬೆಳೆದ ದಾಸವಾಳ, ಗುಲಾಬಿ, ಕ್ರೋಟನ್ ಮೊದಲಾದ ಗಿಡಗಳ ಮೇಲೆ ಬಿಳಿಯ ಪದಾರ್ಥವು ಆಗಾಗ್ಗೆ ಕಂಡುಬರುವುದು. ಕಂಡೊಡನೆ ಕೀಟನಾಶಕವನ್ನು ತಂದು ಸಿಂಪಡಿಸುವವರು ಅನೇಕರು. ಆದರೆ ಬಿಳುಪೆಲ್ಲವೂ ಒಂದೇ ಕಾರಣದಿಂದ ಉಂಟಾದುದಲ್ಲ. ಕಾರಣವರಿಯದೆ ಹಾಕಿದ ಔಷಧದಿಂದ ಹಣವು ನಷ್ಟವಾಗುವುದಲ್ಲದೆ, ಗಿಡವನ್ನು ಕಾಯುವ ಹುಳುಗಳೇ ಸತ್ತು ಉಪದ್ರವವು ಹೆಚ್ಚುವುದೂ ಉಂಟು. ಆದುದರಿಂದ ಮೊದಲು ಎಲೆಯ ಮೇಲ್ಭಾಗ, ಅಡಿಭಾಗ ಮತ್ತು ಎಳೆಯ ಕುಡಿಗಳನ್ನು ನೋಡಿ, ಬಿಳುಪನ್ನು ಬೆರಳಿನಿಂದ ಉಜ್ಜಿ ಪರೀಕ್ಷಿಸತಕ್ಕದ್ದು.

1. ಮದ್ದಿನ ಕಲೆ. ಅಡಿಕೆಯ ಕೊಳೆರೋಗದ ನಿವಾರಣೆಗೆ ಮುಂಗಾರು ಹಿಡಿಯುವ ಮೊದಲೊಮ್ಮೆ, 40–45 ದಿನಗಳ ತರುವಾಯ ಮತ್ತೊಮ್ಮೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಸರಿಯಷ್ಟೆ. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬುದು ಇದರ ಪ್ರಮಾಣ. ಮರದಿಂದ ತೊಟ್ಟಿಕ್ಕಿದ ದ್ರಾವಣವು ಕೆಳಗಿನ ಗಿಡಗಳ ಮೇಲೆ ಒಣಗಿ, ನೀಲಿ ಬೆರೆತ ಬಿಳಿಯ ಹನಿಗಲೆಯಾಗಿ ಉಳಿಯುವುದು. ಇದು ಎಲೆಯ ಮೇಲ್ಭಾಗದಲ್ಲಿಯೇ ಹೆಚ್ಚು, ಉಜ್ಜಿದರೆ ಸುಣ್ಣದ ಪುಡಿಯಂತಿರುವುದು, ದಿನಗಳೆದರೂ ಹರಡದು. ಇದು ರೋಗವಲ್ಲ, ಔಷಧವೂ ಬೇಡ. ಆದರೆ ಹನಿ ಬಿದ್ದ ಬಸಳೆ, ಹರಿವೆಗಳನ್ನು ಅಡಿಗೆಗೆ ಕೊಯ್ಯಬಾರದು. ತಾಮ್ರವು ಮೀನುಗಳಿಗೆ ವಿಷವಾದುದರಿಂದ ಪಂಪನ್ನು ತೋಡಿನಲ್ಲಿ ತೊಳೆಯಲಾಗದು.

2. ಬೂದಿರೋಗ. ಇದು ಶಿಲೀಂಧ್ರದಿಂದ ಬರುವುದು. ಬೂದಿ ಎರಚಿದಂತಹ ಮಚ್ಚೆಗಳು ಮೊದಲು ಸಣ್ಣವಾಗಿದ್ದು, ಬಳಿಕ ಒಂದಕ್ಕೊಂದು ಕೂಡಿ ಎಳೆಯ ಎಲೆಗಳನ್ನು ಮುರುಟಿಸುವುವು. ಗುಲಾಬಿಯಲ್ಲಿ ಸಾಮಾನ್ಯ. ಜಡಿಮಳೆಯಲ್ಲಿ ಇದು ಅಡಗಿ, ಹಗಲು ಒಣಹವೆಯೂ ರಾತ್ರಿ ತಂಪೂ ಇರುವ ಚಳಿಗಾಲದಲ್ಲಿ ಬಲಗೊಳ್ಳುವುದು. ರೋಗ ತಗಲಿದ ಕುಡಿಗಳನ್ನು ಕತ್ತರಿಸಿ ಸುಟ್ಟು, ಗಾಳಿಬೆಳಕು ಆಡುವಂತೆ ಮಾಡಿ, ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2–3 ಗ್ರಾಮಿನಂತೆ ಬೆರಸಿ ಬೆಳಗ್ಗೆ ಸಿಂಪಡಿಸಬೇಕು. ಸುಡುಬಿಸಿಲಿನಲ್ಲಿಯೂ, ಎಣ್ಣೆ ಸಿಂಪಡಿಸಿದ ಎರಡು ವಾರಗಳೊಳಗೂ ಗಂಧಕವನ್ನು ಬಳಸಿದರೆ ಎಲೆ ಸುಡುವುದು.

3. ಹಿಟ್ಟು ತಿಗಣೆ. ಕುಡಿ, ಗಂಟು, ಎಲೆಯ ಅಡಿಗಳಲ್ಲಿ ಹತ್ತಿಯಂತೆ ಗುಂಪಾಗಿರುವುದು. ಉಜ್ಜಿದರೆ ಅಂಟಾದ ರಸ ಹೊರಡುವುದು. ಇರುವೆಗಳ ಓಡಾಟವೂ ಎಲೆಯ ಮೇಲೆ ಕಪ್ಪು ಮಸಿಯೂ ಇದರ ಜೊತೆಗಾರರು. ತಿಗಣೆ ಕಡಮೆಯಿದ್ದರೆ ನೀರಿನ ರಭಸದಿಂದ ತೊಳೆದು, ಮುರುಟಿದ ಕುಡಿಗಳನ್ನು ಸುಡುವುದೇ ಸಾಕು. ಹೆಚ್ಚಿದ್ದರೆ ಲೀಟರು ನೀರಿಗೆ 5 ಮಿಲಿಲೀಟರು ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನೊಡನೆ ಕಲಸಿ, ಸಂಜೆ ಹೊತ್ತು ಎಲೆಯ ಅಡಿಗೆ ತಗಲುವಂತೆ ಸಿಂಪಡಿಸಬೇಕು. ಇರುವೆಗಳು ತಿಗಣೆಯ ವೈರಿಗಳನ್ನು ಓಡಿಸುವುದರಿಂದ ಅವುಗಳ ದಾರಿಯನ್ನೂ ತಪ್ಪಿಸಬೇಕು.

ಎಲೆಯ ಅಡಿಯಲ್ಲಿ ಬಿಳಿಯ ಮೇಣವು ಸುರುಳಿಗೆರೆಯಾಗಿದ್ದರೆ ಅದು ಬಿಳಿನೊಣದ ಗುರುತು. ಅದಕ್ಕೂ ಈ ಬೇವಿನೆಣ್ಣೆಯ ಕ್ರಮವೇ ಸಲ್ಲುವುದು.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ತಿಗಣೆಯನ್ನು ತಿನ್ನುವ ಒಂದು ಜಾತಿಯ ಗುಲಗಂಜಿ ಹುಳುವಿನ ಮರಿಯು ತಾನೂ ಬಿಳಿಯ ಎಳೆಗಳನ್ನು ಹೊದ್ದು ತಿಗಣೆಯಂತೆಯೇ ತೋರುವುದು. ಗಾತ್ರದಲ್ಲಿ ದೊಡ್ಡದಾಗಿ, ಮುಟ್ಟಿದರೆ ಚುರುಕಾಗಿ ಓಡುವುದೇ ಈ ಮರಿ. ಇದನ್ನು ಕೊಲ್ಲಬಾರದು. 2008ರಲ್ಲಿ ಕೊಯಮುತ್ತೂರಿನಲ್ಲಿ ಕಾಣಿಸಿಕೊಂಡು, ಪಪ್ಪಾಯಿ, ದಾಸವಾಳ, ಹಿಪ್ಪುನೇರಳೆಗಳನ್ನು ಹಾಳುಗೆಡವಿದ ತಿಗಣೆಯು ಕೀಟನಾಶಕಗಳಿಗೆ ಬಗ್ಗಲಿಲ್ಲ. 2010ರಲ್ಲಿ ಹೊರದೇಶದಿಂದ ತರಿಸಿ ಬಿಟ್ಟ ಸಣ್ಣ ಪರಾವಲಂಬಿ ಕಣಜಗಳಿಂದಲೇ ಅದು ಹತೋಟಿಗೆ ಬಂದಿತು.

ತಿಗಣೆಯು ಬೇಲಿಯಿಂದ ಬೇಲಿಗೆ ಹರಡುವುದರಿಂದ ಒಬ್ಬರ ಶ್ರಮ ಸಾಲದು. ಊರಿನ ಪ್ರಮುಖರು ನೆರೆಹೊರೆಯವರನ್ನು ಕೂಡಿಸಿ ಬೇಲಿಯ ದಾಸವಾಳಗಳನ್ನು ನೋಡಿಸುವುದು ಮೇಲು. ಸಂದೇಹವಿದ್ದಲ್ಲಿ ಒಂದು ರೆಂಬೆಯನ್ನು ಮುಚ್ಚಿದ ಚೀಲದಲ್ಲಿ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ತೋರಿಸಿ, ಆಮೇಲೆ ಔಷಧಕ್ಕೆ ಹಣ ಕೊಡುವುದು ಲೇಸು.